ಆಟೋಕ್ಯಾಡ್ (ನಕ್ಷೆ ಬಿಡಿಸುವ ಸಾಫ್ಟ್‌ವೇರ್): ಓರೆ ಸೈಟಿಗೆ ಯುಸಿಎಸ್ (ನಮಗೆ ಬೇಕಾದಂತೆ ಇಟ್ಟುಕೊಳ್ಳುವ ಅಕ್ಷಗಳು) ಕೂರಿಸುವುದು ಹೇಗೆ?

ಪ್ರಶ್ನೆ: ಸರ್ವೆ ಡ್ರಾಯಿಂಗ್ ಯುಟಿಎಂ (ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಸ್ಥಾನ ಹೇಳುವ ಪದ್ಧತಿ) 43 ಉತ್ತರ ವಲಯದಲ್ಲಿದೆ. ಸೈಟ್ 27 ಡಿಗ್ರಿ ಓರೆ. ಗೋಡೆ ಎಳೆಯಲು ಸುಲಭ ಅಂತ ಇಡೀ ಡ್ರಾಯಿಂಗನ್ನೇ ತಿರುಗಿಸಿಬಿಟ್ಟೆ, ಈಗ ಒಂದು ಪಾಯಿಂಟೂ ತಾಳೆಯಾಗುತ್ತಿಲ್ಲ. ಏನು ಮಾಡಲಿ?

ಉತ್ತರ 1: ಮೂಲ ಫೈಲ್ ಮತ್ತೆ ತೆಗೆಯಿರಿ. ಡ್ರಾಯಿಂಗ್ ಅಲುಗಾಡಿಸಲೇಬೇಡಿ. ಯುಸಿಎಸ್ ಅಂತ ಟೈಪ್ ಮಾಡಿ, ಸೈಟಿನ ಮೂಲೆ ಕ್ಲಿಕ್ಕಿಸಿ, ಆಮೇಲೆ ಗಡಿಗೆರೆಯ ಮೇಲೆ ಇನ್ನೊಂದು ಬಿಂದು, ಎಂಟರ್. ಪ್ಲಾನ್ ಕಮಾಂಡ್‌ನಲ್ಲಿ ಕರೆಂಟ್ ಕೊಟ್ಟರೆ ತೆರೆಯಲ್ಲಿ ಸೈಟ್ ನೆಟ್ಟಗೆ ಕಾಣುತ್ತದೆ, ಸರ್ವೆ ಪಾಯಿಂಟುಗಳು ಮಾತ್ರ ಇದ್ದಲ್ಲೇ ಇರುತ್ತವೆ.

ಉತ್ತರ 2: ಆ ಯುಸಿಎಸ್‌ಗೊಂದು ಹೆಸರು ಕೊಟ್ಟು ಸೇವ್ ಮಾಡಿ, ಯುಸಿಎಸ್ ಕಮಾಂಡ್‌ನ ನೇಮ್ಡ್ ಆಯ್ಕೆಯಲ್ಲಿದೆ. ಪಾಯಿಂಟ್ ತಾಳೆ ನೋಡುವಾಗ ವರ್ಲ್ಡ್‌ಗೆ (ಡ್ರಾಯಿಂಗಿನ ಮೂಲ ಅಕ್ಷಗಳಿಗೆ) ವಾಪಸ್ ಬನ್ನಿ. ಬಿಂದುವಿನ ಸ್ಥಾನ ಹೇಳುವ ಐಡಿ ಕಮಾಂಡ್ ಆಗ ಚಾಲ್ತಿಯಲ್ಲಿರುವ ಯುಸಿಎಸ್‌ನ ಅಂಕಿಯನ್ನೇ ತೋರಿಸುತ್ತದೆ, ಇಲ್ಲೇ ಜಾಸ್ತಿ ಜನ ಎಡವುವುದು.

ಪ್ರಶ್ನೆ ಕೇಳಿದವರು: ಆಯ್ತು, ಈಗ ಸರಿಯಾಗಿ ಕೂತಿದೆ. ತುಂಬಾ ಥ್ಯಾಂಕ್ಸ್!