ಮನೆಯಲ್ಲೇ ಸ್ಪೀಕರ್ ಮಾಡಬೇಕು, ಮೊದಲು ಏನು ಕೊಳ್ಳಲಿ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿದ್ದೇನೆ. ನಮ್ಮ ನಡುಮನೆ 10 ಅಡಿಗೆ 12 ಅಡಿ. ಸಂಜೆ ಅಲ್ಲಿ ಕೂತು ವೀಣೆ, ಸರೋದ್, ಹಳೇ ಭಾವಗೀತೆ ಕೇಳುವುದು ನನಗೂ ಅಪ್ಪನಿಗೂ ರೂಢಿ. ಈಗಿರುವುದು ಟಿವಿ ಕೆಳಗಿನ ಸೌಂಡ್‌ಬಾರ್. ಮಾತೇನೋ ಚೆನ್ನಾಗಿ ಕೇಳುತ್ತದೆ, ಆದರೆ ವೀಣೆ ಹಾಕಿದರೆ ಬರೀ ತಂತಿ ಮೀಟಿದ ಸದ್ದು, ಕೊಡದ ನಾದವೇ ಬರುವುದಿಲ್ಲ.

ಒಂದು ಜೊತೆ ಸ್ಪೀಕರ್ ನಾನೇ ಮಾಡೋಣ ಅಂತಿದ್ದೇನೆ. ಆಂಪ್ಲಿಫೈಯರ್ ಸೇರಿ 12 ಸಾವಿರ ಎತ್ತಿಟ್ಟಿದ್ದೇನೆ. ಸೋಲ್ಡರ್ ಮಾಡಲು ಬರುತ್ತದೆ, ಮರಗೆಲಸ ಸ್ವಲ್ಪ ಗೊತ್ತು. ಶನಿವಾರ ಬೆಂಗಳೂರಿಗೆ ಬರುತ್ತಿದ್ದೇನೆ, ಎಸ್‌ಪಿ ರೋಡಿನಲ್ಲಿ 8 ಇಂಚಿನ ವೂಫರ್ (ಕೆಳಗಿನ ಸ್ವರದ ಸ್ಪೀಕರ್) ಎರಡು, ಟ್ವೀಟರ್ (ಮೇಲಿನ ಸ್ವರದ್ದು) ಎರಡು, ಇವೆರಡಕ್ಕೂ ಸ್ವರ ಹಂಚಿಕೊಡುವ ರೆಡಿಮೇಡ್ ಕ್ರಾಸ್‌ಓವರ್ ಬೋರ್ಡ್ ಎರಡು ತರುವ ಯೋಚನೆ. ಎರಡು ಹಳೇ ಮರದ ಪೆಟ್ಟಿಗೆ ಮನೆಯಲ್ಲೇ ಇವೆ. ಸರಿ ಇದೆಯಾ?

ಹಳೇರೇಡಿಯೋ:
ದಯವಿಟ್ಟು ಶನಿವಾರ ಏನೂ ಕೊಳ್ಳಬೇಡಿ. ಮೊದಲು ಇದನ್ನು ಓದಿ.

ಇರುವ ಪೆಟ್ಟಿಗೆಗೆ ಸ್ಪೀಕರ್ ಹುಡುಕುವುದಲ್ಲ, ಸ್ಪೀಕರಿಗೆ ತಕ್ಕ ಪೆಟ್ಟಿಗೆ ಮಾಡಬೇಕು. ಒಳಗಿನ ಗಾಳಿಯೂ ಒಂದು ಸ್ಪ್ರಿಂಗ್ ಇದ್ದ ಹಾಗೆ. ಅದು ಎಷ್ಟು ಬಿಗಿ ಅನ್ನುವುದರ ಮೇಲೆ ಬೇಸ್ ನಿಂತಿದೆ. ಇದರ ಲೆಕ್ಕವನ್ನು ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಬರೆದರು, ರಿಚರ್ಡ್ ಸ್ಮಾಲ್ 70ರ ದಶಕದಲ್ಲಿ ಬೆಳೆಸಿದರು. ಅದಕ್ಕೇ ಒಳ್ಳೆ ಸ್ಪೀಕರಿನ ಡೇಟಾಶೀಟಿನಲ್ಲಿ ಎಫ್‌ಎಸ್ (ಸ್ಪೀಕರ್ ತಾನಾಗಿ ಅನುರಣಿಸುವ ಸ್ವರ), ಕ್ಯೂಟಿಎಸ್ (ಅದರ ಅಲುಗಾಟ ಎಷ್ಟು ಬೇಗ ತಣಿಯುತ್ತದೆ ಅನ್ನುವುದು), ವಿಎಎಸ್ (ಸ್ಪೀಕರಿನ ಅಂಚಿನಷ್ಟೇ ಬಿಗಿ ಇರುವ ಗಾಳಿಯ ಲೀಟರ್) ಅಂತ ಮೂರು ಅಂಕಿ ಇರುತ್ತವೆ. ಆ ಮೂರೂ ಇಲ್ಲದ ಸ್ಪೀಕರ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಉದಾಹರಣೆಗೆ ಎಫ್‌ಎಸ್ 50 ಹರ್ಟ್ಜ್, ಕ್ಯೂಟಿಎಸ್ 0.4, ವಿಎಎಸ್ 12 ಲೀಟರ್ ಅಂತಿಟ್ಟುಕೊಳ್ಳಿ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯೂ ಸೇರಿ ಆಗುವ ಒಟ್ಟು ಕ್ಯೂ 0.7 ಬರಬೇಕಾದರೆ ಸುಮಾರು 5.7 ಲೀಟರ್ ಸಾಕು. ಒಳ ಅಳತೆ 15, 16, 24 ಸೆಂಟಿಮೀಟರ್ ಇಟ್ಟರೆ ಆಯಿತು. ಬೇಸ್ 88 ಹರ್ಟ್ಜ್ ಹತ್ತಿರ 3 ಡೆಸಿಬಲ್ ಇಳಿದಿರುತ್ತದೆ, ಅಲ್ಲಿಂದ ಕೆಳಗೆ ನಿಧಾನವಾಗಿ ಇಳಿಯುತ್ತದೆ. ನಿಮ್ಮ ಕೋಣೆಗೆ, ನೀವು ಕೇಳುವ ಸಂಗೀತಕ್ಕೆ ಇದು ಸಾಕು. ವಿನ್‌ಐಎಸ್‌ಡಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅಂಕಿ ಹಾಕಿದರೆ ಗ್ರಾಫ್ ತೋರಿಸುತ್ತದೆ. ಒಂದು ಸಂಜೆ ಅದರ ಜೊತೆ ಕೂತುಕೊಳ್ಳಿ.

ಉಡುಪಿಮರ:
ಮರದ ವಿಷಯ ನಾನು ಹೇಳುತ್ತೇನೆ. ಎಲ್ಲರೂ 18 ಎಂಎಂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಅನ್ನುತ್ತಾರೆ, ಕೊಯ್ಯಲು ಸುಲಭ ನಿಜ, ಆದರೆ ನಿಮ್ಮ ಮಳೆಗಾಲ ನಮ್ಮ ಮಳೆಗಾಲ ನೋಡಿದರೆ ಬೇಡ. ಬಣ್ಣ ಹಚ್ಚದೆ ಬಿಟ್ಟ ಅಂಚು ತೇವ ಕುಡಿದು ಊದಿಕೊಳ್ಳುತ್ತದೆ, ನನ್ನ ಮೊದಲ ಜೋಡಿ ಎರಡನೇ ಆಷಾಢಕ್ಕೆ ಹಾಳಾಯಿತು. ಒಳ್ಳೆ 18 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ ತಗೊಳ್ಳಿ. ಅಂಗಡಿಯಲ್ಲೇ ಮೆಷಿನ್ ಇದ್ದರೆ ಹಲಗೆಗಳನ್ನು ಅಳತೆಗೆ ಕೊಯ್ಸಿಕೊಳ್ಳಿ, ಕೈಗರಗಸದಲ್ಲಿ ಕೊಯ್ದು ಆರೂ ಹಲಗೆ ಸರಿಯಾಗಿ ಕೂರಿಸುವುದು ಕಷ್ಟ. ಸ್ಪೀಕರ್ ತೂತು ಜಿಗ್‌ಸಾದಲ್ಲಿ ಕೊರೆದರೂ ನಡೆಯುತ್ತದೆ, ಚೂರು ಓರೆಕೋರೆ ಆದರೆ ಫ್ರೇಮ್ ಮುಚ್ಚಿಕೊಳ್ಳುತ್ತದೆ. ಧೂಳಿಗೆ ಮಾಸ್ಕ್ ಹಾಕಿ.

ಮುಖ್ಯ ಅಂದರೆ ಗಾಳಿ ಸೋರಬಾರದು. ಒಳಗಿನ ಎಲ್ಲಾ ಜೋಡಣೆಗೂ ಅಂಟಿನ ಮೇಲೆ ಇನ್ನೊಂದು ಸಲ ಅಂಟು ಎಳೆಯಿರಿ, ಸ್ಪೀಕರ್ ಅಂಚಿಗೆ ಫೋಮ್ ಟೇಪ್ ಹಚ್ಚಿ. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಸಡಿಲವಾಗಿ ತುಂಬಿ.

ತುಂಗಾತೀರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಕ್ರಾಸ್‌ಓವರ್ ಬೋರ್ಡ್?

ಹಳೇರೇಡಿಯೋ:
ಅದನ್ನೂ ಬಿಡಿ. ರೆಡಿಮೇಡ್ ಬೋರ್ಡ್ ಮಾಡಿದವರಿಗೆ ನಿಮ್ಮ ವೂಫರ್ ಯಾವುದು ಅಂತ ಗೊತ್ತಿರುವುದಿಲ್ಲ. 8 ಓಮ್ ಅಂತ ಬರೆದ ಸ್ಪೀಕರ್ ಎಲ್ಲಾ ಸ್ವರಕ್ಕೂ 8 ಓಮ್ ಇರುವುದಿಲ್ಲ, ಒಂದೊಂದು ಕಡೆ 30 ದಾಟುತ್ತದೆ. 8 ಓಮ್ ಟ್ವೀಟರನ್ನು 3000 ಹರ್ಟ್ಜ್‌ನಲ್ಲಿ ಕತ್ತರಿಸಲು 6.6 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಂತ ಸೂತ್ರ ಹೇಳುತ್ತದೆ, ಅಳೆದು ನೋಡಿದರೆ ಬೇರೆಯೇ ಇರುತ್ತದೆ. ಅಳೆಯಲು ಮೈಕ್ ಬೇಕು, ಕಲಿಯಲು ತಿಂಗಳುಗಳು ಬೇಕು.

ಮೊದಲ ಸಲಕ್ಕೆ 4 ಇಂಚಿನ ಫುಲ್‌ರೇಂಜ್ ಸ್ಪೀಕರ್ (ಮೇಲಿನ, ಕೆಳಗಿನ ಸ್ವರ ಎರಡನ್ನೂ ಒಂದೇ ನುಡಿಸುವಂಥದ್ದು), ಒಂದೊಂದು ಪೆಟ್ಟಿಗೆಗೆ ಒಂದೊಂದೇ. ಕ್ರಾಸ್‌ಓವರ್ ಬೇಕಿಲ್ಲ. ಆದರೆ ಒಂದು ಮಾತು ಗಮನದಲ್ಲಿಡಿ, ನಿಮ್ಮ ವೀಣೆಯ ಕೊಡದ ನಾದ ಸಿಗುವುದೋ ಬಿಡುವುದೋ ಇದರ ಮೇಲೇ ಇದೆ. ಪೆಟ್ಟಿಗೆ 19 ಸೆಂಟಿಮೀಟರ್ ಅಗಲ ಇದ್ದರೆ ಸುಮಾರು 600 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಪೆಟ್ಟಿಗೆ ಸುತ್ತಿ ಹಿಂದಕ್ಕೂ ಹೋಗುತ್ತದೆ, ಮುಂದೆ ಕೂತವರಿಗೆ ದನಿ ತೆಳ್ಳಗೆ ಕೇಳುತ್ತದೆ. 1 ಮಿಲಿಹೆನ್ರಿ ಕಾಯಿಲ್, ಅದಕ್ಕೆ ಪ್ಯಾರಲಲ್ ಆಗಿ 4.7 ಓಮ್, 10 ವ್ಯಾಟಿನ ರೆಸಿಸ್ಟರ್, ಇವೆರಡನ್ನೂ ಸೇರಿಸಿ 8 ಓಮ್ ಸ್ಪೀಕರಿಗೆ ಸೀರೀಸ್‌ನಲ್ಲಿ ಹಾಕಿ. ಮೇಲಿನ ಸ್ವರ ಸುಮಾರು 4 ಡೆಸಿಬಲ್ ಇಳಿದು ಕೆಳಗಿನದು ಎದ್ದು ಬರುತ್ತದೆ. ಸ್ಪೀಕರನ್ನು ಗೋಡೆಗೆ ತೀರಾ ಹತ್ತಿರ ಇಟ್ಟರೆ ರೆಸಿಸ್ಟರ್ ಇನ್ನೂ ಕಮ್ಮಿ ಮಾಡಬಹುದು. ಕಾಯಿಲ್ ಸುತ್ತಲು ಎನಾಮೆಲ್ ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ.

ಬೆಸುಗೆಬಳಗ:
ಆಂಪ್ಲಿಫೈಯರಿಗೆ ಟಿಪಿಎ3116 ಚಿಪ್ಪಿನ ಬೋರ್ಡ್ ಸಾಕು, 19 ವೋಲ್ಟಿನ ಹಳೇ ಲ್ಯಾಪ್‌ಟಾಪ್ ಅಡಾಪ್ಟರಿನಲ್ಲೇ ಓಡುತ್ತದೆ. ಒಂದೇ ಎಚ್ಚರ: ಎರಡೂ ಸ್ಪೀಕರಿನ ಮೈನಸ್ ತಂತಿಗಳನ್ನು ಒಟ್ಟಿಗೆ ಕಟ್ಟಬೇಡಿ, ಗ್ರೌಂಡಿಗೂ ಕೊಡಬೇಡಿ. ಈ ಬೋರ್ಡಿನಲ್ಲಿ ಮೈನಸ್ ಕಡೆಯಲ್ಲೂ ಸಿಗ್ನಲ್ ಇರುತ್ತದೆ, ಸುಟ್ಟು ಹೋದೀತು. ಪ್ಲಸ್ ಯಾವುದು ಅಂತ ಅನುಮಾನ ಬಂದರೆ 1.5 ವೋಲ್ಟಿನ ಸೆಲ್ ಒಂದು ಕ್ಷಣ ಮುಟ್ಟಿಸಿ. ಕೋನ್ (ಸ್ಪೀಕರಿನ ಅಲುಗುವ ಮುಂಭಾಗ) ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಪ್ಲಸ್. ಎರಡು ಸ್ಪೀಕರ್ ಉಲ್ಟಾಪಲ್ಟಾ ಆದರೆ ಬೇಸ್ ಮಾಯ, ಹಾಡುವವರು ನಡುವೆ ನಿಲ್ಲುವುದೂ ಇಲ್ಲ.

ತುಂಗಾತೀರ:
ಅಪ್ಪ ಒಂದು ಪ್ರಶ್ನೆ ಕೇಳಿದರು. ಅವರ ಕಾಲದಲ್ಲಿ ಟೇಪ್‌ರೆಕಾರ್ಡರಿನ ಸ್ಪೀಕರನ್ನು ಮಡಕೆ ಬಾಯಿಗೆ ಕೂರಿಸುತ್ತಿದ್ದರಂತೆ, ಸದ್ದು ಗುಂಯ್ ಅಂತ ಬರುತ್ತಿತ್ತಂತೆ. ಅದನ್ನೇ ಮಾಡಬಾರದಾ ಅಂತ.

ಉಡುಪಿಮರ:
ಖಂಡಿತ ಮಾಡಬಹುದು, ನಾನೂ ಮಾಡಿದ್ದೇನೆ. ಮಡಕೆಯ ಗೋಡೆ ಬಾಗಿದೆ, ಗಟ್ಟಿ ಇದೆ, ಎದುರುಬದುರು ಚಪ್ಪಟೆ ಗೋಡೆ ಇಲ್ಲ, ಪೆಟ್ಟಿಗೆಗಿಂತ ಅದೇ ವಾಸಿ. ಗುಂಯ್ ಅನ್ನುತ್ತಿದ್ದದ್ದು ಅಳತೆ ನೋಡದೆ, ಒಳಗೆ ಹತ್ತಿ ತುಂಬದೆ ಕೂರಿಸಿದ್ದಕ್ಕೆ ಇರಬೇಕು. ಕುಂಬಾರರ ಹತ್ತಿರ ಒಂದೇ ಗಾತ್ರದ ಎರಡು ಮಡಕೆ ಆರಿಸಿ, ಲೀಟರ್ ಪಾತ್ರೆಯಲ್ಲಿ ನೀರು ಸುರಿದು ಅಳೆಯಿರಿ. ಚೆನ್ನಾಗಿ ಒಣಗಿಸಿ ಒಳಗೆ ಎರಡು ಕೋಟ್ ಬಣ್ಣ ಹಚ್ಚಿ, ಇಲ್ಲದಿದ್ದರೆ ಮಣ್ಣು ತೇವ ಎಳೆಯುತ್ತದೆ. ಬಾಯಿಗೆ ಪ್ಲೈವುಡ್ ಬಳೆ ಅಂಟಿಸಿ ಅದಕ್ಕೆ ಸ್ಪೀಕರ್ ಸ್ಕ್ರೂ ಮಾಡಿ.

ತುಂಗಾತೀರ:
ಅಪ್ಪ ಈಗಲೇ ಕುಂಬಾರರ ಕಡೆ ಹೊರಟರು. ಡೇಟಾಶೀಟ್ ಸಿಕ್ಕ ಮೇಲೆ ಲೀಟರ್ ಎಷ್ಟು ಅಂತ ಹೇಳುತ್ತೇನೆ, ಅಲ್ಲಿವರೆಗೆ ಕಾಯಿರಿ ಅಂತ ಬಾಗಿಲಲ್ಲೇ ನಿಲ್ಲಿಸಿದ್ದೇನೆ.