ತುಟಿ ಊದಿದೆ, ತುರಿಕೆ ಇಲ್ಲ: ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನ ಭಾನುವಾರದ ಪ್ರಶ್ನೋತ್ತರ

ಡಾಕ್ಟರ್: ಸೆಟಿರಿಜಿನ್, ಅವಿಲ್ ಅನ್ನುವ ಅಲರ್ಜಿ ಮಾತ್ರೆಗಳ ಬಗ್ಗೆ ಕೇಳಿ. ಹನ್ನೊಂದರವರೆಗೆ ಇರುತ್ತೇನೆ.

ಫ್ಲಾಟ್ 102: ಇವನ್ನು ನುಂಗುವವರಿಗೆಲ್ಲ ಅಲರ್ಜಿ ಇರುತ್ತಾ ಡಾಕ್ಟ್ರೇ?

ಡಾಕ್ಟರ್: ಇಲ್ಲ. ಬೆಳಿಗ್ಗೆ ಎದ್ದು ಸಾಲಾಗಿ ಸೀನುವವರು, ಪಿತ್ತದ ಗಂಧೆಯವರು ಜಾಸ್ತಿ. ಆದರೆ ನೆಗಡಿಗೆ, ಹುಳುಕಡ್ಡಿಗೆ, ಸುಮ್ನೆ ನಿದ್ದೆ ಬರಲಿ ಅಂತ ನುಂಗುವವರೂ ಇದ್ದಾರೆ.

204: ತಗೊಂಡು ಗಾಡಿ ಓಡಿಸಬಹುದಾ?

ಡಾಕ್ಟರ್: ಅವಿಲ್ ನುಂಗಿ ಬೇಡವೇ ಬೇಡ. ಸೆಟಿರಿಜಿನ್‌ಗೂ ಕೆಲವರು ತೂಕಡಿಸುತ್ತಾರೆ. ರಾತ್ರಿ ತಗೊಳ್ಳಿ.

310: ಅಪ್ಪನಿಗೆ 64. ಮೂರು ತಿಂಗಳಲ್ಲಿ ಎರಡು ಸಲ ತುಟಿ ಊದಿತ್ತು. ಗಂಧೆ ಇಲ್ಲ, ತುರಿಕೆ ಇಲ್ಲ. ಸೆಟಿರಿಜಿನ್ ಕೊಟ್ಟರೆ ಮರುದಿನ ಇಳಿಯುತ್ತೆ. ಬದನೆಕಾಯಿ ಬಿಡಿಸಿದ್ದೀವಿ. ಇವತ್ತು ಮತ್ತೆ ಊದಿದೆ.

118: ದೊಡ್ಡಪತ್ರೆ ರಸ ಹಚ್ಚಿ ಕಂಬಳಿ ಹೊದಿಸಿ. ಫಾರ್ವರ್ಡ್ ಹಾಕಿದ್ದೇನೆ, ಓದಿ.

ಡಾಕ್ಟರ್: 310, ಬಿಪಿಗೆ ಯಾವ ಮಾತ್ರೆ? ಸ್ಟ್ರಿಪ್ ನೋಡಿ ಹೇಳಿ.

310: ರಾಮಿಪ್ರಿಲ್. ಎರಡು ವರ್ಷವಾಯ್ತು. ಅದರಿಂದಾಗಿದ್ದರೆ ಆಗಲೇ ಆಗಬೇಕಿತ್ತು ಅಲ್ವಾ?

ಡಾಕ್ಟರ್: ಹಾಗೇನಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೂ ಬರುತ್ತೆ. ಅದಕ್ಕೇ ಯಾರಿಗೂ ಬಿಪಿ ಮಾತ್ರೆ ಮೇಲೆ ಅನುಮಾನ ಬರುವುದಿಲ್ಲ, ಬೈಸಿಕೊಳ್ಳುವುದು ಬದನೆಕಾಯಿ. ಗಂಧೆ ಏಳಿಸುವುದು ಮೈಯಲ್ಲೇ ಇರುವ ಹಿಸ್ಟಮಿನ್ ಅನ್ನುವ ರಾಸಾಯನಿಕ, ಸೆಟಿರಿಜಿನ್ ತಡೆಯುವುದು ಅದನ್ನು. ಇಲ್ಲಿ ಊದಿಸುತ್ತಿರುವುದು ಹೆಚ್ಚಾಗಿ ಬ್ರಾಡಿಕೈನಿನ್ ಅನ್ನುವ ಇನ್ನೊಂದು ರಾಸಾಯನಿಕ. ರಾಮಿಪ್ರಿಲ್, ಎನಲಾಪ್ರಿಲ್ ಜಾತಿಯ ಮಾತ್ರೆಗಳು ಅದು ಒಡೆಯದ ಹಾಗೆ ತಡೆಯುತ್ತವೆ. ಸೆಟಿರಿಜಿನ್‌ಗೆ ಅದರ ಮೇಲೆ ಕೈಯಾಡುವುದಿಲ್ಲ. ಊತ ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುತ್ತೆ, ಒಳ್ಳೆ ಹೆಸರು ಮಾತ್ರೆಗೆ. ತುರಿಕೆ ಇಲ್ಲ ಅಂದಿರಲ್ಲ, ನನಗೆ ಹೆದರಿಕೆ ಅದೇ. ಇನ್ನೊಂದು ಸಲ ನಾಲಿಗೆ, ಗಂಟಲು ಊದಬಹುದು. ಇವತ್ತಿನ ರಾಮಿಪ್ರಿಲ್ ಕೊಡಬೇಡಿ. ಈಗಲೇ ಆಸ್ಪತ್ರೆಗೆ ಹೊರಡಿ, ಸ್ಟ್ರಿಪ್ ತೋರಿಸಿ, ಬೇರೆ ಜಾತಿಯ ಬಿಪಿ ಮಾತ್ರೆ ಬರೆಸಿಕೊಳ್ಳಿ. ದನಿ ಬದಲಾದರೆ, ಎಂಜಲು ನುಂಗಲು ಆಗದಿದ್ದರೆ 108 ಆಂಬುಲೆನ್ಸ್‌ಗೆ ಫೋನ್ ಮಾಡಿ.

215: ಬೆಕ್ಕಿನ ಕೂದಲಿಗೆ ಸೀನು ಬರುತ್ತಾ?

407: ಸೀನಿಗೆಲ್ಲ ಪಾರ್ಕಿನ ಕಾಂಗ್ರೆಸ್ ಗಿಡವೇ ಕಾರಣ. ಕೀಳಿಸಿ ಅಂದರೆ ಕಮಿಟಿಯವರು ಕೇಳಲ್ಲ.

102: ಮೇಂಟೆನೆನ್ಸ್ ಬಾಕಿ ಇಟ್ಟವರು ಕಮಿಟಿ ಬಗ್ಗೆ ಮಾತಾಡಬಾರದು.

407: ಲೆಕ್ಕ ತೋರಿಸಿ, ಕಟ್ಟುತ್ತೇನೆ.

204: ಡಾಕ್ಟ್ರೇ, ಬೈಕ್ ಆದರೆ ಪರವಾಗಿಲ್ವಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

118: ನಮ್ಮಜ್ಜಿ ಮಾತ್ರೆಯನ್ನೇ ನೋಡಿರಲಿಲ್ಲ. ಎಲ್ಲ ಕಂಬಳಿಯಲ್ಲೇ ವಾಸಿಯಾಗ್ತಿತ್ತು.

ಡಾಕ್ಟರ್: ನಿಮ್ಮಜ್ಜಿ ರಾಮಿಪ್ರಿಲ್ ತಗೊಳ್ತಿದ್ರಾ? ಉಸಿರುಗಟ್ಟುವ ಹೊತ್ತಲ್ಲಿ ಸೊಪ್ಪು ಅರೆಯುತ್ತಾ ಕೂತರೆ ಜೀವ ಹೋಗುತ್ತೆ. ಆ ಫಾರ್ವರ್ಡ್ ಅಳಿಸಿ. 310, ಹೊರಟಿರಾ?

310: ಲಿಫ್ಟ್‌ನಲ್ಲಿದ್ದೀವಿ ಸರ್. ಸ್ಟ್ರಿಪ್ ತಗೊಂಡೆ.

118: ದೊಡ್ಡಪತ್ರೆ ಬೇಕಾದರೆ ನಮ್ಮ ಬಾಲ್ಕನಿಯಲ್ಲಿದೆ.