ಮದುವೆ ವಿಡಿಯೊಗೆ ಯಾವ ಝೂಮ್ ಲೆನ್ಸ್? ಮೊದಲು ನೀವು ನಿಲ್ಲುವ ಜಾಗ ಹೇಳಿ

ಪ್ರಶ್ನೆ:
ನಮಸ್ಕಾರ ಸರ್. ನನ್ನ ಹತ್ತಿರ ಕ್ಯಾನನ್ 80ಡಿ ಇದೆ. ಜೊತೆಗೆ 18-55 ಕಿಟ್ ಲೆನ್ಸ್ (ಎಫ್ 3.5-5.6), ಮತ್ತೊಂದು 50 ಎಂಎಂ ಎಫ್ 1.8. ಇಷ್ಟು ದಿನ ಬರೀ ಫೋಟೊ ತೆಗೆಯುತ್ತಿದ್ದೆ. ಈಗ ಮದುವೆ ವಿಡಿಯೊ ಶುರು ಮಾಡಿ ಎರಡು ಮದುವೆ ಮುಗಿಸಿದ್ದೇನೆ. ಎರಡರಲ್ಲೂ ಹಾಲ್ ಒಳಗಿನದ್ದೆಲ್ಲ ಕಾಳುಕಾಳಾಗಿ ಬಂದಿದೆ. ಶಾಟ್ ನಡುವೆ ಝೂಮ್ ಮಾಡಿದರೆ ಚಿತ್ರ ಕಪ್ಪಾಗುತ್ತದೆ. ಈಗ ಒಂದೇ ಒಂದು ಒಳ್ಳೆ ಲೆನ್ಸ್‌ಗೆ ಆಗುವಷ್ಟು ದುಡ್ಡು ಕೂಡಿಟ್ಟಿದ್ದೇನೆ. ಒಬ್ಬ ಸ್ನೇಹಿತ 70-200 ಎಫ್ 2.8 ಇಲ್ಲದೆ ಮದುವೆಗೆ ಹೋಗಲೇಬೇಡ ಅನ್ನುತ್ತಾನೆ. ಇನ್ನೊಬ್ಬ 24-70 ಸಾಕು ಅನ್ನುತ್ತಾನೆ. ಯಾವುದು ತಗೊಳ್ಳಲಿ?

ಉತ್ತರ:
ಇಬ್ಬರೂ ಸುಳ್ಳು ಹೇಳಿಲ್ಲ. ಅವರವರ ಕ್ಯಾಮೆರಾಗೆ ಹೊಂದುವುದನ್ನು ಹೇಳಿದ್ದಾರೆ ಅಷ್ಟೇ. ನಿಮ್ಮದು ಕ್ರಾಪ್ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಚಿಪ್ ಫುಲ್ ಫ್ರೇಮ್‌ಗಿಂತ ಚಿಕ್ಕದು. ಫುಲ್ ಫ್ರೇಮ್ ಬಾಡಿ ಮೇಲೆ 24-70 ಹಾಯಾಗಿ ಕೆಲಸ ಮಾಡುತ್ತದೆ. ನಿಮ್ಮ 80ಡಿ ಮೇಲೆ ಅದೇ ಲೆನ್ಸ್ 1.6 ಪಟ್ಟು ಹಿಗ್ಗಿ 38-112ರ ಹಾಗೆ ಕಾಣುತ್ತದೆ. ಅಂದರೆ ಅಗಲ ಸಾಲುವುದಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಲೆನ್ಸ್ ತಗೊಳ್ಳುವ ಮುಂಚೆ ಇದನ್ನು ಮಾಡಿ ನೋಡಿ. ಸೆನ್ಸರ್ ಅಗಲವನ್ನು ದೂರದಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ. ಫ್ರೇಮಿನಲ್ಲಿ ಎಷ್ಟು ಅಗಲ ಸಿಗುತ್ತದೆ ಅಂತ ಗೊತ್ತಾಗುತ್ತದೆ. ನಿಮ್ಮ ಸೆನ್ಸರ್ ಅಗಲ 22.5 ಎಂಎಂ. ಹುಡುಗ-ಹುಡುಗಿಯಿಂದ ಎರಡು ಮೀಟರ್ ದೂರದಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ಹಿಂದೆ ಸರಿಯೋಣ ಅಂದರೆ ನೆಂಟರ ಗೋಡೆ. 24 ಎಂಎಂನಲ್ಲಿ ನಿಮಗೆ ಸಿಗುವುದು 1.9 ಮೀಟರ್ ಅಗಲ. ಇಬ್ಬರು ಹಿಡಿಸುತ್ತಾರೆ, ಪಕ್ಕದಲ್ಲಿ ನಿಂತ ಅಪ್ಪ-ಅಮ್ಮ ತುಂಡಾಗುತ್ತಾರೆ. 17 ಎಂಎಂ ಇದ್ದರೆ ಸುಮಾರು 2.6 ಮೀಟರ್. ನಾಲ್ಕೂ ಜನ ಒಳಗೆ.

ಅದಕ್ಕೇ ನಿಮಗೆ ನನ್ನ ಸಲಹೆ: ಕ್ಯಾನನ್ 17-55 ಎಫ್ 2.8 ಐಎಸ್. 2006ರಲ್ಲಿ ಬಂದ ಹಳೇ ಲೆನ್ಸ್, ನೋಡಲು ಸುಮಾರು. ಆದರೆ ಕ್ರಾಪ್ ಕ್ಯಾಮೆರಾದಲ್ಲಿ ಮದುವೆ ಕೆಲಸಕ್ಕೆ ಬೇಕಾದ ಮೂರೂ ಅದರಲ್ಲಿವೆ. ಅಗಲ ಇದೆ, ಝೂಮ್ ಪೂರ್ತಿ ಎಫ್ 2.8 ಇದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ), ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಇದೆ. ನಿಮ್ಮ 80ಡಿಗೆ ಕೂರುವ ಕ್ಯಾನನ್ 24-70 ಎಫ್ 2.8ರಲ್ಲಿ ಈ ಮೂರನೆಯದು ಇಲ್ಲ. ಫೋಟೊಗೆ ಅದು ದೊಡ್ಡ ಕೊರತೆ ಅನ್ನಿಸದಿರಬಹುದು. ವಿಡಿಯೊಗೆ ಹಾಗಲ್ಲ. ಅಲ್ಲಾಡಿದ ಫೋಟೊ ಅಳಿಸಿ ಇನ್ನೊಂದು ತೆಗೆಯಬಹುದು, ಅಲ್ಲಾಡಿದ ವಿಡಿಯೊ ಕೊನೆತನಕ ಅಲ್ಲಾಡುತ್ತಲೇ ಇರುತ್ತದೆ.

ಕಾಳುಕಾಳು ಬಂದ ಕಾರಣವೂ ಇಲ್ಲೇ ಇದೆ. ನಿಮ್ಮ ಕಿಟ್ ಲೆನ್ಸ್ 55ಕ್ಕೆ ಹೋದಾಗ ಎಫ್ 5.6 ಆಗುತ್ತದೆ. 2.8ಕ್ಕೆ ಹೋಲಿಸಿದರೆ ಒಳಗೆ ಬರುವ ಬೆಳಕು ಕಾಲು ಭಾಗ. ಫೋಟೊದಲ್ಲಾದರೆ ಶಟರ್ ನಿಧಾನ ಮಾಡಿ ಸರಿದೂಗಿಸಬಹುದು. ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್‌ಗೆ ಶಟರ್ 1/50 ಸೆಕೆಂಡ್ ಅಂತ ಇಟ್ಟ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ. ಉಳಿದಿದ್ದು ಐಎಸ್‌ಒ ಒಂದೇ, ಅಂದರೆ ಸಿಕ್ಕ ಬೆಳಕನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗ್. ಅದನ್ನು ಏರಿಸಿದಷ್ಟೂ ಕಾಳು ಜಾಸ್ತಿ. 1600ರಲ್ಲಿ ಮುಗಿಯಬೇಕಾದ ಕೆಲಸಕ್ಕೆ ನೀವು 6400ಕ್ಕೆ ಏರಿಸಿರುತ್ತೀರಿ. ಶಾಟ್ ನಡುವೆ ಕಪ್ಪಾಗುವುದೂ ಇದರಿಂದಲೇ. ಝೂಮ್ ಮಾಡುತ್ತಾ ಹೋದ ಹಾಗೆ ಅಪರ್ಚರ್ (ಬೆಳಕು ಒಳಗೆ ಬರುವ ಕಿಂಡಿ) ತಾನೇ 3.5ರಿಂದ 5.6ಕ್ಕೆ ಮುಚ್ಚಿಕೊಳ್ಳುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ 17-55 ಹಾಕಿಕೊಂಡರೆ ಶಾಟ್ ನಡುವೆ ಆರಾಮಾಗಿ ಝೂಮ್ ಮಾಡಬಹುದಾ ಸರ್?

ಉತ್ತರ:
ಮಾಡಬೇಡಿ. ಕಪ್ಪಾಗುವುದಿಲ್ಲ ನಿಜ, ಆದರೆ ಬೇರೆ ಎರಡು ತೊಂದರೆ ಇವೆ. ಹಳೇ ವಿಡಿಯೊ ಕ್ಯಾಮೆರಾಗಳಲ್ಲಿ ಝೂಮ್‌ಗೆ ಮೋಟರ್ ಇರುತ್ತಿತ್ತು. ಬೆರಳಲ್ಲಿ ಒತ್ತಿದರೆ ಬೆಣ್ಣೆ ಹಾಗೆ ಜಾರುತ್ತಿತ್ತು. ಎಷ್ಟೇ ಝೂಮ್ ಮಾಡಿದರೂ ಫೋಕಸ್ ಕದಲುತ್ತಿರಲಿಲ್ಲ. ಫೋಟೊಗೆ ಅಂತ ಮಾಡಿದ ಲೆನ್ಸ್‌ಗಳು ಬಹುಪಾಲು ಹಾಗಲ್ಲ. 17ರಲ್ಲಿ ಫೋಕಸ್ ಇಟ್ಟು 55ಕ್ಕೆ ಬಂದರೆ ಮುಖ ಮಸುಕಾಗಿರುತ್ತದೆ. ಜೊತೆಗೆ ರಿಂಗನ್ನು ಕೈಯಲ್ಲೇ ತಿರುಗಿಸುವಾಗ ಶುರುವಿನಲ್ಲೊಂದು, ಕೊನೆಯಲ್ಲೊಂದು ಜರ್ಕ್ ಬಂದೇ ಬರುತ್ತದೆ.

ಮದುವೆಯಲ್ಲಿ ಝೂಮ್ ಲೆನ್ಸ್ ಬೇಕಾಗಿರುವುದು ಝೂಮ್ ಮಾಡುವುದನ್ನು ತೋರಿಸುವುದಕ್ಕಲ್ಲ. ಲೆನ್ಸ್ ಬದಲಿಸುವಷ್ಟು ಹೊತ್ತು ನಿಮಗೆ ಯಾರೂ ಕಾಯುವುದಿಲ್ಲ, ಅದಕ್ಕೆ. ಅಗಲದ ಶಾಟ್ ಹತ್ತು ಸೆಕೆಂಡ್ ಹಿಡಿಯಿರಿ. ರಿಂಗ್ ತಿರುಗಿಸಿ, ಫೋಕಸ್ ಮಾಡಿ, ಮತ್ತೆ ಹತ್ತು ಸೆಕೆಂಡ್ ಹಿಡಿಯಿರಿ. ರೆಕಾರ್ಡಿಂಗ್ ನಿಲ್ಲಿಸಬೇಕಾಗಿಯೂ ಇಲ್ಲ. ನಡುವಿನದ್ದನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿ ಎಸೆಯಿರಿ. 80ಡಿಯಲ್ಲಿ ಡ್ಯುಯಲ್ ಪಿಕ್ಸೆಲ್ ಆಟೋಫೋಕಸ್ ಇದೆ, ಪರದೆ ಮೇಲೆ ಮುಖವನ್ನು ಮುಟ್ಟಿದರೆ ಸಾಕು.

ಝೂಮ್ ಶಾಟ್ ಬೇಕೇ ಬೇಕು ಅನ್ನುವವರಿಗೆ ಕ್ಯಾನನ್ ಒಂದು ಪವರ್ ಝೂಮ್ ಅಡಾಪ್ಟರ್ ಮಾಡಿತ್ತು. 18-135 ಯುಎಸ್‌ಎಂ ಲೆನ್ಸ್‌ನ ಕೆಳಗೆ ಕೂರಿಸುವಂಥದ್ದು. ಆದರೆ ಆ ಲೆನ್ಸ್ ಮತ್ತೆ 3.5-5.6. ಹಗಲು ಹೊರಗಡೆಗೆ ಪರವಾಗಿಲ್ಲ.

ಗುಂಪಿನ ಇನ್ನೊಬ್ಬರು:
ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಕತ್ತಲೆ ಹಾಲ್ ಅಂದರೆ ಸಿಗ್ಮಾ 18-35 ಎಫ್ 1.8 ಇದೆಯಲ್ವಾ? 2.8ಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಬೆಳಕು.

ಉತ್ತರ:
ಅದ್ಭುತ ಗಾಜು, ಅದರಲ್ಲಿ ಎರಡು ಮಾತಿಲ್ಲ. ಗಿಂಬಲ್ (ಕ್ಯಾಮೆರಾ ಅಲ್ಲಾಡದಂತೆ ಹಿಡಿಯುವ ಮೋಟರ್ ಸ್ಟ್ಯಾಂಡ್) ಮೇಲೆ ಹಾಕಿ ಓಡಾಡುವವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ. ಆದರೆ ಒಂದೇ ಲೆನ್ಸ್ ತಗೊಳ್ಳುವವರಿಗೆ ಹೇಳುವುದಿಲ್ಲ. ಸ್ಟೆಬಿಲೈಸೇಶನ್ ಇಲ್ಲ. 35ಕ್ಕೇ ನಿಂತುಬಿಡುತ್ತದೆ, ಮುಖ ಹತ್ತಿರ ಬೇಕೆಂದರೆ ನೀವೇ ಹತ್ತಿರ ಹೋಗಬೇಕು. ಹೋದರೆ ಬೇರೆ ಎಲ್ಲರ ಫೋಟೊದಲ್ಲೂ ನಿಮ್ಮ ಬೆನ್ನು!

ಇನ್ನು 1.8ರಲ್ಲಿ ಎರಡು ಮೀಟರ್ ದೂರಕ್ಕೆ 35 ಎಂಎಂನಲ್ಲಿ ಫೋಕಸ್ ಆಗಿರುವ ಆಳ ಸುಮಾರು ಒಂದು ಗೇಣು. ಹುಡುಗಿ ನಕ್ಕು ಮುಂದೆ ಬಾಗಿದರೆ ಮುಗೀತು. ನಿಮ್ಮ 50 ಎಂಎಂ 1.8ರಲ್ಲಿ ಅದು ಅರ್ಧ ಗೇಣು. ಆ 50ನ್ನು ಮಾರಬೇಡಿ. ಅಲಂಕಾರ ಮಾಡಿಕೊಳ್ಳುವಾಗ ಕನ್ನಡಿ ಮುಂದೆ ಕೂತಿರುತ್ತಾರಲ್ಲ, ಜಾಸ್ತಿ ಅಲ್ಲಾಡುವುದಿಲ್ಲ, ಆಗ ಅದೇ ಚೆಂದ.

ಪ್ರಶ್ನೆ ಕೇಳಿದವರು:
70-200 ಬೇಡವೇ ಬೇಡ ಅಂತೀರಾ? ಆ ಸ್ನೇಹಿತನಿಗೆ ಏನು ಹೇಳಲಿ?

ಉತ್ತರ:
ಬೇಡ ಅಂದಿಲ್ಲ, ಮೊದಲು ಬೇಡ ಅಂದೆ. ಕೆಲವು ಕಡೆ ವೇದಿಕೆ ಹತ್ತಿರ ಬಿಡುವುದೇ ಇಲ್ಲ. ಹಾಲ್ ಹಿಂದುಗಡೆ ನಿಲ್ಲಿ ಅನ್ನುತ್ತಾರೆ. ಹತ್ತು ಮೀಟರ್ ದೂರದಿಂದ 55 ಎಂಎಂನಲ್ಲಿ ನಿಮಗೆ ನಾಲ್ಕು ಮೀಟರ್ ಅಗಲ ಸಿಗುತ್ತದೆ. ಇಡೀ ವೇದಿಕೆ ಕಾಣುತ್ತದೆ, ಕಣ್ಣೀರು ಕಾಣುವುದಿಲ್ಲ. 200ರಲ್ಲಿ 1.1 ಮೀಟರ್. ಇಬ್ಬರ ತಲೆಯಿಂದ ಎದೆವರೆಗೆ ಫ್ರೇಮ್ ತುಂಬುತ್ತದೆ. ಅಂಥ ಮದುವೆಗೆ 70-200 ಬಾಡಿಗೆಗೆ ತನ್ನಿ. ನಾಲ್ಕೈದು ಸಲ ಬಾಡಿಗೆಗೆ ತಂದ ಮೇಲೆ ಬೇಕೋ ಬೇಡವೋ ನಿಮಗೇ ಗೊತ್ತಾಗುತ್ತದೆ.

ಒಂದು ಎಚ್ಚರ. ಕ್ಯಾನನ್ 70-200 ಎಫ್ 2.8 ಐಎಸ್ ಲೆನ್ಸ್ ಒಂದೇ ಸುಮಾರು ಒಂದೂವರೆ ಕೆಜಿ ತೂಗುತ್ತದೆ. ನಿಮ್ಮ ಬಾಡಿ ಮೇಲೆ ಅದು 320ರ ಹಾಗೆ ಕಾಣುವುದರಿಂದ ಉಸಿರಾಡಿದರೂ ಫ್ರೇಮ್ ಕುಣಿಯುತ್ತದೆ. ಒಂಟಿ ಕಾಲಿನ ಮೋನೋಪಾಡ್ ಆದರೂ ಇರಲೇಬೇಕು. ಟ್ರೈಪಾಡ್ ಮೇಲೆ ಕೂರಿಸುವಾಗ ಕ್ಯಾಮೆರಾಗೆ ಅಲ್ಲ, ಲೆನ್ಸ್ ಸುತ್ತ ಬಳೆ ಹಾಗಿರುವ ಕಾಲರ್‌ಗೆ ಪ್ಲೇಟ್ ಹಾಕಿ.

ಹಾಗೆಯೇ ಟ್ರೈಪಾಡ್ ಮೇಲೆ ಇಟ್ಟಾಗ ಸ್ಟೆಬಿಲೈಸೇಶನ್ ಆಫ್ ಮಾಡಿ. ಇದನ್ನು ನಾನು ಅನುಭವಿಸಿ ಕಲಿತವನು. ಶುರುವಿನ ದಿನಗಳಲ್ಲಿ ಒಂದು ಮದುವೆಗೆ ಎರಡನೇ ಕ್ಯಾಮೆರಾವನ್ನು ಹಿಂದೆ ಟ್ರೈಪಾಡ್ ಮೇಲೆ ಬಿಟ್ಟು ಮುಂದೆ ಹೋದೆ. ಸ್ವಿಚ್ ಆನ್ ಇತ್ತು. ಮನೆಗೆ ಬಂದು ನೋಡಿದರೆ ಫ್ರೇಮ್ ಮೆಲ್ಲಗೆ ಎಡಕ್ಕೆ ತೇಲುತ್ತದೆ, ತಟಕ್ಕನೆ ವಾಪಸ್ ಬರುತ್ತದೆ, ಮತ್ತೆ ತೇಲುತ್ತದೆ. ಇಡೀ ಮುಖ್ಯ ಗಳಿಗೆ ದೋಣಿಯಲ್ಲಿ ನಡೆದ ಹಾಗಿತ್ತು. ಹುಡುಗನ ಅಣ್ಣ ನೋಡಿ, "ಇದೇನು ಸರ್, ಎಫೆಕ್ಟಾ?" ಅಂದರು. ಹೂಂ ಅಂದುಬಿಡೋಣ ಅನ್ನಿಸಿತ್ತು.

ಮತ್ತೊಬ್ಬರು:
ನನ್ನದು ನಿಕಾನ್, ಫುಲ್ ಫ್ರೇಮ್. 24-120 ಎಫ್ 4 ಇದೆ. ಇದನ್ನೇ ಮುಂದುವರಿಸಬಹುದಾ?

ಉತ್ತರ:
ಧಾರಾಳವಾಗಿ. ಎಫ್ 4 ಅಂದರೆ 2.8ರ ಅರ್ಧ ಬೆಳಕು. ಫುಲ್ ಫ್ರೇಮ್ ಸೆನ್ಸರ್ ಹೆಚ್ಚಿನ ಐಎಸ್‌ಒ ತಡೆದುಕೊಳ್ಳುತ್ತದೆ. ಅಪರ್ಚರ್ ಝೂಮ್ ಉದ್ದಕ್ಕೂ 4ರಲ್ಲೇ ನಿಲ್ಲುತ್ತದೆ, ಸ್ಟೆಬಿಲೈಸೇಶನ್ ಇದೆ. ತೀರಾ ಕತ್ತಲಿದ್ದರೆ ವೇದಿಕೆ ಕಡೆಗೆ ಒಂದು ಎಲ್‌ಇಡಿ ಲೈಟ್ ಇಡಿ. ಲೆನ್ಸ್ ಬದಲಿಸುವುದಕ್ಕಿಂತ ಅದು ಸುಲಭ. ಒಂದು ಮಾತು, ಕ್ಯಾನನ್ ಇಟ್ಟುಕೊಂಡವರ ಜೊತೆ ಕೆಲಸ ಮಾಡುವಾಗ ಅವರ ಕ್ಯಾಮೆರಾ ಕೈಗೆ ತಗೊಂಡರೆ ಹುಷಾರು. ರಿಂಗ್ ತಿರುಗುವ ದಿಕ್ಕು ಉಲ್ಟಾ. ಹತ್ತಿರ ತರಲು ಹೋಗಿ ದೂರ ತಳ್ಳುತ್ತೀರಿ.

ಪ್ರಶ್ನೆ ಕೇಳಿದವರು:
ಸರ್, ಮುಂದಿನ ಮದುವೆಯ ಹಾಲ್‌ಗೆ ಇವತ್ತು ಹೋಗಿ ಅಳೆದು ಬಂದೆ. ವೇದಿಕೆಯಿಂದ ಮೂರು ಮೀಟರ್‌ಗೆ ಬಿಡುತ್ತಾರಂತೆ. ನಿಮ್ಮ ಲೆಕ್ಕದಲ್ಲಿ 55ರಲ್ಲಿ 1.2 ಮೀಟರ್ ಬರುತ್ತದೆ. 17-55 ಸಾಕಲ್ವಾ? ಆದರೆ ಶುರುವಿನ ಭಾಗ ಹೊರಗೆ, ಬಿಸಿಲಲ್ಲಿ.

ಉತ್ತರ:
ಸಾಕು, ಕಣ್ಣು ಮುಚ್ಚಿ ತಗೊಳ್ಳಿ. ಅಳೆದು ಬಂದಿದ್ದೀರಲ್ಲ, ಅರ್ಧ ಕೆಲಸ ಆಯಿತು.

ಬಿಸಿಲಿಗೆ ಎನ್‌ಡಿ ಫಿಲ್ಟರ್ ಬೇಕು, ಅಂದರೆ ಬೆಳಕು ಕಡಿಮೆ ಮಾಡಲು ಲೆನ್ಸ್ ಮುಂದೆ ಹಾಕುವ ಮಬ್ಬು ಗಾಜು. ನೆತ್ತಿ ಮೇಲೆ ಸೂರ್ಯ ಇದ್ದಾಗ ಐಎಸ್‌ಒ 100, ಶಟರ್ 1/50 ಇಟ್ಟರೆ ಅಪರ್ಚರ್ ಎಫ್ 22ರ ಹತ್ತಿರ ಹೋಗುತ್ತದೆ. ಅದನ್ನು 2.8ಕ್ಕೆ ತರಬೇಕೆಂದರೆ ಆರು ಸ್ಟಾಪ್ ಬೆಳಕು ಕಡಿಮೆ ಮಾಡಬೇಕು (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ), ಅಂದರೆ ಎನ್‌ಡಿ 64. ಎಫ್ 5.6 ಸಾಕು ಅಂದರೆ ನಾಲ್ಕು ಸ್ಟಾಪ್, ಎನ್‌ಡಿ 16. ತಿರುಗಿಸಿ ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಎನ್‌ಡಿ ಮದುವೆಗೆ ಅನುಕೂಲ. ಆದರೆ 17 ಎಂಎಂನಲ್ಲಿ ಪೂರ್ತಿ ಕೊನೆತನಕ ತಿರುಗಿಸಬೇಡಿ, ಚಿತ್ರದ ಮೇಲೆ ಗುಣಾಕಾರ ಚಿಹ್ನೆ ಹಾಗೆ ಕಪ್ಪು ನೆರಳು ಬೀಳುತ್ತದೆ. ಒಳಗೆ ಬಂದ ತಕ್ಷಣ ಫಿಲ್ಟರ್ ಬಿಚ್ಚುವುದನ್ನು ಮರೆಯಬೇಡಿ.

77 ಎಂಎಂ ಅಳತೆಯದ್ದು ತಗೊಳ್ಳಿ. 17-55ಕ್ಕೂ ಅದೇ ಅಳತೆ, ಬಾಡಿಗೆಗೆ ಸಿಗುವ ಕ್ಯಾನನ್ 70-200 ಎಫ್ 2.8ಕ್ಕೂ ಅದೇ.